ನಾಳೆಯ ತೆರಿಗೆ, ಇಂದಿನ ನಿಲ್ದಾಣ: ಶಿಕಾಗೊದ ಟಿಫ್ ಲೆಕ್ಕ

ಶಿಕಾಗೊ ನಗರದ ನಡುಮಧ್ಯದಲ್ಲಿರುವ ಮಿಲೇನಿಯಂ ಪಾರ್ಕಿನ ವಿಸ್ತೀರ್ಣ 24.5 ಎಕರೆ. ಕೆಳಗೆ ರೈಲು ಹಳಿ ಮತ್ತು ಕಾರು ನಿಲ್ದಾಣ, ಮೇಲೆ ಹುಲ್ಲುಹಾಸು, ಬಯಲು ರಂಗಮಂದಿರ, ಬಂದವರೆಲ್ಲ ಮುಖ ನೋಡಿಕೊಂಡು ಫೋಟೊ ತೆಗೆಸಿಕೊಳ್ಳುವ ಉಕ್ಕಿನ 'ಬೀನ್'. 1998ರಲ್ಲಿ ಯೋಜನೆ ಪ್ರಕಟವಾದಾಗ ಹೇಳಿದ ವೆಚ್ಚ 15 ಕೋಟಿ ಡಾಲರ್. 2004ರ ಜುಲೈನಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಅದು 47.5 ಕೋಟಿಗೆ ಮುಟ್ಟಿತ್ತು. ಅದರಲ್ಲಿ 20.5 ಕೋಟಿ ದಾನಿಗಳದು. 17.5 ಕೋಟಿ ಪಾರ್ಕಿಂಗ್ ಆದಾಯವನ್ನು ನಂಬಿ ಎತ್ತಿದ ಬಾಂಡಿನದು. ಉಳಿದ 9.5 ಕೋಟಿ ಬಂದದ್ದು ಟಿಫ್ ಎಂಬ ಖಾತೆಯಿಂದ. ಅದಕ್ಕಾಗಿ ಯಾವ ಹೊಸ ತೆರಿಗೆಯನ್ನೂ ಹಾಕಲಿಲ್ಲ, ಯಾವ ಮತದಾನವೂ ನಡೆಯಲಿಲ್ಲ. ಹಾಗೆಂದು ಆ 9.5 ಕೋಟಿ ಆಕಾಶದಿಂದಲೂ ಉದುರಲಿಲ್ಲ. ಅದು ಯಾರ ಜೇಬಿನಿಂದ ಬಂತು ಎಂಬ ಲೆಕ್ಕ ಅಲ್ಲಿನ ತೆರಿಗೆದಾರರಿಗೇ ಸುಲಭವಾಗಿ ಸಿಗುವುದಿಲ್ಲ.

ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್, ಅಂದರೆ ತೆರಿಗೆಯ ಏರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವ ಪದ್ಧತಿ. ನಗರಸಭೆ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಆ ಗೆರೆಯೊಳಗಿನ ಕಟ್ಟಡ, ಜಮೀನುಗಳ ತೆರಿಗೆ ಮೌಲ್ಯವೆಲ್ಲ ಕೂಡಿ ಅವತ್ತು ಎಷ್ಟಿದೆಯೋ ಅದು 'ಮೂಲ ಮೌಲ್ಯ'. ಶಾಲಾ ಮಂಡಳಿ, ಕೌಂಟಿ, ಉದ್ಯಾನ ಇಲಾಖೆ, ಗ್ರಂಥಾಲಯ ಎಲ್ಲರಿಗೂ ಮುಂದಿನ 23 ವರ್ಷ ಆ ಮೂಲ ಮೌಲ್ಯದ ಮೇಲಿನ ತೆರಿಗೆ ಮಾತ್ರ. ಮೌಲ್ಯ ಮೇಲೇರಿದಂತೆ ಹೆಚ್ಚುವರಿಯಾಗಿ ಬರುವ ತೆರಿಗೆಯೆಲ್ಲ ಪ್ರತ್ಯೇಕ ಖಾತೆಗೆ ಹೋಗಿ, ಆ ಗೆರೆಯೊಳಗಿನ ಅಥವಾ ಅದಕ್ಕೆ ತಾಗಿಕೊಂಡ ಇನ್ನೊಂದು ಟಿಫ್ ವಲಯದ ರಸ್ತೆ, ಸೇತುವೆ, ನಿಲ್ದಾಣ, ಚರಂಡಿಗೆ ಖರ್ಚಾಗುತ್ತದೆ. 23 ವರ್ಷ ಕಾಯುವ ತಾಳ್ಮೆ ಇಲ್ಲದಿದ್ದರೆ ಬರಲಿರುವ ಆ ಹಣವನ್ನು ತೋರಿಸಿ ಇಂದೇ ಬಾಂಡ್ ಎತ್ತಬಹುದು. ಕಬ್ಬು ಕಾರ್ಖಾನೆ ಮುಟ್ಟುವ ಮೊದಲೇ ಬರಬೇಕಾದ ಬಿಲ್ಲಿನ ಮೇಲೆ ಸಾಲ ತೆಗೆದು, ಅದೇ ಕಬ್ಬಿಗೆ ನೀರುಣಿಸಲು ಬೋರ್‌ವೆಲ್ ಕೊರೆಸುವ ಲೆಕ್ಕ ಇದು. ನೀರು ಬಿದ್ದರೆ ಬುದ್ಧಿವಂತ, ಬೀಳದಿದ್ದರೆ ಸಾಲಗಾರ.

ಇದರ ಹುಟ್ಟೂರು ಕ್ಯಾಲಿಫೋರ್ನಿಯಾ, ವರ್ಷ 1952. ಇಲಿನಾಯ್ ರಾಜ್ಯ ತನ್ನ ಕಾನೂನು ಮಾಡಿದ್ದು 1977ರಲ್ಲಿ. ಶಿಕಾಗೊ ಮೊದಲ ವಲಯ ರಚಿಸಿದ್ದು 1984ರಲ್ಲಿ, ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಕಾಲದಲ್ಲಿ, ಪೇಟೆಯ ಹೃದಯವಾದ ಲೂಪ್ ಪ್ರದೇಶದ ಉತ್ತರ ತುದಿಯಲ್ಲಿ. ಇಂದು ಅರಿಜೋನ ಒಂದನ್ನು ಬಿಟ್ಟು ಅಮೆರಿಕದ 49 ರಾಜ್ಯಗಳಲ್ಲಿ ಟಿಫ್ ಕಾನೂನಿದೆ. ಆದರೂ ಇದನ್ನು ಶಿಕಾಗೊದಷ್ಟು ಮೈಗೆ ಹಚ್ಚಿಕೊಂಡ ದೊಡ್ಡ ನಗರ ಇನ್ನೊಂದಿಲ್ಲ. 2023ರ ಹೊತ್ತಿಗೆ ಅಲ್ಲಿ 120ಕ್ಕೂ ಹೆಚ್ಚು ವಲಯಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಆ ಖಾತೆಗಳಿಗೆ ವರ್ಷವೊಂದಕ್ಕೆ ಹರಿದು ಬರುವ ಹಣ 100 ಕೋಟಿ ಡಾಲರ್ ದಾಟಿದೆ. ನಗರದ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಲಾ ಮಂಡಳಿಯದು. ಹಾಗಾಗಿ ಟಿಫ್ ಖಾತೆಗೆ ಬೀಳುವ ಪ್ರತಿ ಎರಡು ಡಾಲರಿನಲ್ಲಿ ಒಂದರ ಮೇಲೆ ಶಾಲೆಯ ಕಣ್ಣು ಇದ್ದೇ ಇರುತ್ತದೆ.

1984ರ ಆ ಮೊದಲ ವಲಯ 1997ರಲ್ಲಿ ವಿಸ್ತಾರಗೊಂಡು ಸೆಂಟ್ರಲ್ ಲೂಪ್ ಟಿಫ್ ಎನಿಸಿತು. 2008ರ ಕೊನೆಗೆ ಅವಧಿ ಮುಗಿಯಿತು. ಮಿಲೇನಿಯಂ ಪಾರ್ಕಿನ 9.5 ಕೋಟಿ ಅದರದೇ. ರಾಂಡಾಲ್ಫ್ ಸ್ಟ್ರೀಟ್ ಆಸುಪಾಸಿನ ಹಳೆಯ ಥಿಯೇಟರುಗಳು ಮತ್ತೆ ಬಾಗಿಲು ತೆರೆದದ್ದು, ಗುಡ್‌ಮನ್ ಥಿಯೇಟರ್ 2000ದಲ್ಲಿ ಹೊಸ ಕಟ್ಟಡಕ್ಕೆ ಬಂದದ್ದು, ಇವಕ್ಕೂ ಅದರ ಹಣ ಹೋಗಿದೆ. ಸಂಜೆ ಆರಕ್ಕೆ ಕಚೇರಿ ಮುಚ್ಚಿದ ಮೇಲೆ ಬಿಕೋ ಎನ್ನುತ್ತಿದ್ದ ಪೇಟೆಗೆ ರಾತ್ರಿಯ ಜನ ಬಂದರು. ಟಿಫ್ ಪರ ವಾದಿಸುವವರು ಮೊದಲು ತೋರಿಸುವುದು ಈ ಬೀದಿಯನ್ನೇ, ಅದರಲ್ಲಿ ತಪ್ಪೂ ಇಲ್ಲ.

ವಿರೋಧಿಗಳು ಅಲ್ಲಿಂದ ನಾಲ್ಕು ಹೆಜ್ಜೆ ನಡೆಸಿ 'ಬ್ಲಾಕ್ 37' ತೋರಿಸುತ್ತಾರೆ. ಸ್ಟೇಟ್, ರಾಂಡಾಲ್ಫ್, ಡಿಯರ್‌ಬಾರ್ನ್, ವಾಷಿಂಗ್ಟನ್ ಎಂಬ ನಾಲ್ಕು ಬೀದಿಗಳ ನಡುವಿನ ಒಂದು ಚೌಕ ಇದು. ಮಾರ್ಷಲ್ ಫೀಲ್ಡ್ ಎಂಬ ಹೆಸರುವಾಸಿ ಅಂಗಡಿ ಇದ್ದ ಕಟ್ಟಡದ ಎದುರಿಗೇ ಇದೆ. ಹೊಸ ಗೋಪುರ ಬರುತ್ತದೆಂದು 1989ರಲ್ಲಿ ಇಡೀ ಚೌಕವನ್ನು ನೆಲಸಮ ಮಾಡಿದರು. ಒಂದು ವಿದ್ಯುತ್ ಸಬ್‌ಸ್ಟೇಷನ್ ಮಾತ್ರ ಉಳಿಯಿತು, ಗೋಪುರ ಬರಲಿಲ್ಲ. ನಗರದ ಅತಿ ದುಬಾರಿ ಜಾಗದಲ್ಲಿ ಚಳಿಗಾಲಕ್ಕೆ ಐಸ್ ಸ್ಕೇಟಿಂಗ್, ಬೇಸಿಗೆಗೆ ಮಕ್ಕಳ ಚಿತ್ರಕಲಾ ಶಿಬಿರ. ಹೀಗೆಯೇ ಹೆಚ್ಚುಕಡಿಮೆ ಎರಡು ದಶಕ ಕಳೆದು, 2009ರಲ್ಲಿ ಒಂದು ಮಾಲ್ ತೆರೆಯಿತು. ಅದರ ಅಡಿಯಲ್ಲಿ ಓಹೇರ್ ವಿಮಾನ ನಿಲ್ದಾಣಕ್ಕೆ ನೇರ ರೈಲು ಬಿಡುವ 'ಸೂಪರ್ ಸ್ಟೇಷನ್' ಬೇಕೆಂದು ಸಾರಿಗೆ ಸಂಸ್ಥೆಯ ಸಾಲ ಮತ್ತು ಟಿಫ್ ಹಣ ಸೇರಿಸಿ ಅಗೆಯಲು ಹೊರಟರು. 20 ಕೋಟಿ ಡಾಲರಿಗೂ ಮಿಕ್ಕಿ ಖರ್ಚಾದ ಮೇಲೆ 2008ರಲ್ಲಿ ಕೆಲಸ ನಿಂತಿತು. 2018ರಲ್ಲಿ ಇಲಾನ್ ಮಸ್ಕ್ ಅವರ ಬೋರಿಂಗ್ ಕಂಪನಿ ಸುರಂಗ ಕೊರೆದು ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಜನ ಸಾಗಿಸುತ್ತೇವೆಂದಿತು. ಮರುವರ್ಷ ಮೇಯರ್ ಬದಲಾದರು, ಆ ಮಾತು ಅಲ್ಲಿಗೇ ನಿಂತಿತು. ಕಾಂಕ್ರೀಟ್ ಗುಹೆಯಲ್ಲಿ ಇವತ್ತಿಗೂ ಒಂದು ರೈಲೂ ನಿಂತಿಲ್ಲ.

ಥಿಯೇಟರ್ ಬೀದಿ, ಬ್ಲಾಕ್ 37 ಎರಡೂ ಕಣ್ಣಿಗೆ ಕಾಣುವ ಸಾಕ್ಷ್ಯಗಳು. ಎರಡನ್ನೂ ಪಕ್ಕಕ್ಕಿಟ್ಟು ಬರೀ ಲೆಕ್ಕ ನೋಡಬೇಕು, ಏಕೆಂದರೆ ಜಗಳದ ಬೇರು ಇರುವುದು ಅಲ್ಲಿ.

ಒಂದು ಕಲ್ಪಿತ ಊರು ತೆಗೆದುಕೊಳ್ಳೋಣ. ಅಲ್ಲಿನ ಒಟ್ಟು ತೆರಿಗೆ ಮೌಲ್ಯ 100 ಕೋಟಿ ಡಾಲರ್. ಶಾಲೆ, ಕೌಂಟಿ ಎಲ್ಲ ಸೇರಿ ವರ್ಷಕ್ಕೆ 10 ಕೋಟಿ ಬೇಕೆನ್ನುತ್ತಾರೆ. ಇಲಿನಾಯ್ ಪದ್ಧತಿಯಲ್ಲಿ ಮೊದಲು ತೆರಿಗೆಯ ದರ ನಿಗದಿಯಾಗುವುದಿಲ್ಲ, ಬೇಕಾದ ಮೊತ್ತ ನಿಗದಿಯಾಗುತ್ತದೆ. ಆ ಮೊತ್ತವನ್ನು ಒಟ್ಟು ಮೌಲ್ಯದಿಂದ ಭಾಗಿಸಿದರೆ ದರ ಸಿಗುತ್ತದೆ. ಇಲ್ಲಿ ಶೇ 10. ಈಗ ಪೇಟೆಯಲ್ಲಿ ಹೊಸ ಕಟ್ಟಡಗಳೆದ್ದು ಮೌಲ್ಯ 20 ಕೋಟಿ ಏರಿತೆನ್ನಿ. ಟಿಫ್ ಇಲ್ಲದಿದ್ದರೆ 10 ಕೋಟಿಯನ್ನು 120 ಕೋಟಿಗೆ ಹಂಚಬಹುದು, ದರ ಶೇ 8.33ಕ್ಕೆ ಇಳಿಯುತ್ತದೆ. 1 ಲಕ್ಷ ಡಾಲರ್ ತೆರಿಗೆ ಮೌಲ್ಯದ ಮನೆಯವನು 8,333 ಡಾಲರ್ ಕಟ್ಟುತ್ತಾನೆ. ಪೇಟೆ ಟಿಫ್ ವಲಯದೊಳಗಿದ್ದರೆ ಆ 20 ಕೋಟಿ ಭಾಗಾಕಾರಕ್ಕೆ ಬರುವುದೇ ಇಲ್ಲ. ದರ ಶೇ 10ರಲ್ಲೇ ನಿಲ್ಲುತ್ತದೆ, ಅದೇ ಮನೆಯವನು 10,000 ಕಟ್ಟುತ್ತಾನೆ. ಶಾಲೆಗೆ ಸಿಗುವುದು ಎರಡೂ ಸಲ ಅಷ್ಟೇ. ಟಿಫ್ ಖಾತೆಗೆ ಮಾತ್ರ 20 ಕೋಟಿಯ ಶೇ 10, ಅಂದರೆ ವರ್ಷಕ್ಕೆ 2 ಕೋಟಿ ಹೊಸದಾಗಿ ಜಮೆಯಾಗುತ್ತದೆ. ಅದರಲ್ಲಿ ಸುಮಾರು 1.67 ಕೋಟಿ ಹಳೆಯ ಮನೆ, ಅಂಗಡಿಗಳವರು ಹೆಚ್ಚಾಗಿ ಕಟ್ಟಿದ್ದು. ಬಿಲ್ ಏರಲಿಲ್ಲ, ನಿಜ. ಇಳಿಯಬೇಕಾಗಿದ್ದದ್ದು ಇಳಿಯಲೂ ಇಲ್ಲ. ಇಳಿಯದ ಬಿಲ್ಲಿಗಾಗಿ ಯಾರೂ ನಗರಸಭೆಯ ಮುಂದೆ ಧರಣಿ ಕೂರುವುದಿಲ್ಲ. ರಾಜಕಾರಣಿಗಳಿಗೆ ಟಿಫ್ ಪ್ರಿಯವಾಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಟಿಫ್ ಹಣದಿಂದ ರಸ್ತೆ, ನಿಲ್ದಾಣ ಆಗಿರದಿದ್ದರೆ ಆ 20 ಕೋಟಿ ಕಟ್ಟಡಗಳು ಏಳುತ್ತಲೇ ಇರಲಿಲ್ಲ ಎಂದಾದರೆ? ಆಗ ಹೋಲಿಕೆಗೆ ಇಡಬೇಕಾದ ಊರಿನ ಮೌಲ್ಯ 100 ಕೋಟಿ, ದರ ಹೇಗಿದ್ದರೂ ಶೇ 10. ಮನೆಯವನಿಗೆ ನಯಾಪೈಸೆ ನಷ್ಟವಿಲ್ಲ, ವಲಯದ ಅವಧಿ ಮುಗಿದ ಮೇಲೆ ಲಾಭವೇ. ಇಡೀ ವಿವಾದ ಈ ಒಂದು 'ಇಲ್ಲದಿದ್ದರೆ'ಯ ಮೇಲೆ ನಿಂತಿದೆ. ಕಾನೂನೂ ಅದನ್ನೇ ಕೇಳುತ್ತದೆ: ಪ್ರದೇಶ ಹಾಳುಬಿದ್ದಿರಬೇಕು ಅಥವಾ ಹಾಳಾಗುವ ಹಾದಿಯಲ್ಲಿರಬೇಕು, ಟಿಫ್ ಇಲ್ಲದಿದ್ದರೆ ಅಭಿವೃದ್ಧಿ ಆಗಲಾರದು ಎಂದು ತೋರಿಸಬೇಕು. ತೋರಿಸುವ ವರದಿಯನ್ನು ಬರೆಸುವುದು ವಲಯ ಬೇಕೆನ್ನುವವರೇ.

ಬೆಲೆ ಏರಿಕೆಯ ಲೆಕ್ಕ ಇನ್ನೂ ಸ್ವಾರಸ್ಯ. ವಲಯದಲ್ಲಿ ಒಂದೇ ಒಂದು ಇಟ್ಟಿಗೆ ಇಡದೆ, ಬರೀ ಹಣದುಬ್ಬರದಿಂದ ಆಸ್ತಿ ಮೌಲ್ಯ ವರ್ಷಕ್ಕೆ ಶೇ 3ರಂತೆ ಏರಿತೆಂದುಕೊಳ್ಳಿ. 23ನೇ ವರ್ಷಕ್ಕೆ 100 ಇದ್ದದ್ದು 197 ಆಗಿರುತ್ತದೆ. ದರ ಬದಲಾಗದೆಂದು ಇಟ್ಟುಕೊಂಡು ಅಷ್ಟೂ ವರ್ಷಗಳ ತೆರಿಗೆ ಕೂಡಿಸಿದರೆ, ಪ್ರತಿ 100 ಡಾಲರಿನಲ್ಲಿ 31 ಟಿಫ್ ಖಾತೆಗೆ ಹೋಗಿರುತ್ತದೆ. ಏರಿದ್ದು ಸಂಬಳ, ಸಿಮೆಂಟು, ಅಕ್ಕಿಯ ಬೆಲೆಗಳ ಜೊತೆಗೆ ಏರಿದ್ದೇ. ಶಾಲೆಯ ಖರ್ಚೂ ಅದೇ ಶೇ 3ರಂತೆ ಏರಿರುತ್ತದೆ, ಆದರೆ ಆ ವಲಯದಿಂದ ಅದಕ್ಕೆ ಸಿಗುವುದು 23 ವರ್ಷ ಹಿಂದಿನ ಮೌಲ್ಯದ ಪಾಲು. ಮೂಲ ಮೌಲ್ಯವನ್ನು ವರ್ಷಾವರ್ಷ ಹಣದುಬ್ಬರದಷ್ಟಾದರೂ ಏರಿಸುತ್ತ ಹೋದರೆ ಈ ದೋಷ ಬಹುಪಾಲು ಕಳೆಯುತ್ತದೆ. ನನ್ನ ಮಟ್ಟಿಗೆ ಟಿಫ್ ಕಾನೂನಿನಲ್ಲಿ ಆಗಬೇಕಾದ ಮೊದಲ ತಿದ್ದುಪಡಿ ಇದು. ಇಷ್ಟು ಸರಳವಾದದ್ದು ಆಗದೇ ಉಳಿದಿದೆ ಎಂದರೆ ಸುಮ್ಮನೆ ಬರುವ ಹಣ ಯಾರಿಗೂ ಬೇಡವಾಗಿಲ್ಲ.

ಸಂಶೋಧಕರು ಏನನ್ನುತ್ತಾರೆ? ಇಲಿನಾಯ್‌ನ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ 2000ದಲ್ಲಿ ಶಿಕಾಗೊ ಸುತ್ತಲಿನ ಊರುಗಳನ್ನು ಹೋಲಿಸಿ ನೋಡಿದರು. ಟಿಫ್ ಮಾಡಿಕೊಂಡ ಊರುಗಳು ಮಾಡಿಕೊಳ್ಳದವುಗಳಿಗಿಂತ ನಿಧಾನವಾಗಿ ಬೆಳೆದಿದ್ದವು. ವಲಯದೊಳಗೆ ಬೆಳೆದದ್ದು ವಲಯದ ಹೊರಗಿನಿಂದ ಎಳೆದದ್ದು ಎಂಬ ಅನುಮಾನಕ್ಕೆ ಅಲ್ಲಿಂದ ಬಲ ಬಂತು. ಮೆರಿಮನ್ 2018ರಲ್ಲಿ ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಜಾಲಿಸಿ, ಬಹುತೇಕ ಕಡೆ ಟಿಫ್ ತಾನು ಹೇಳಿಕೊಂಡ ಗುರಿಯನ್ನು ಸ್ಪಷ್ಟವಾಗಿ ಮುಟ್ಟಿದ್ದಕ್ಕೆ ಪುರಾವೆ ಸಾಲದು ಎಂದರು. ಇದು ಸರಾಸರಿಯ ಮಾತು. ಸರಾಸರಿಯಲ್ಲಿ ಥಿಯೇಟರ್ ಬೀದಿಯೂ ಇದೆ, ಖಾಲಿ ಗುಹೆಯೂ ಇದೆ.

ಹಾಗಾದರೆ ಯಾವುದಕ್ಕೆ ಖರ್ಚು ಮಾಡಿದಾಗ ಫಲ ಸಿಗುತ್ತದೆ? ಎತ್ತರದ ಹಳಿಯ ಮೇಲಿನ ಮೂರು ಸಣ್ಣ ನಿಲ್ದಾಣಗಳನ್ನು ನೋಡಿ. ಪೇಟೆಯ ಪಶ್ಚಿಮಕ್ಕೆ ಲೇಕ್ ಸ್ಟ್ರೀಟಿನ ಮೇಲಿರುವ ಮಾರ್ಗನ್ ನಿಲ್ದಾಣ 2012ರ ಮೇ ತಿಂಗಳಲ್ಲಿ ತೆರೆಯಿತು. ವೆಚ್ಚ 3.8 ಕೋಟಿ ಡಾಲರ್, ಬಹುಪಾಲು ಟಿಫ್. ದಕ್ಷಿಣದ ವಸ್ತುಪ್ರದರ್ಶನ ಸಂಕೀರ್ಣದ ಬಳಿಯ ಸರ್ಮ್ಯಾಕ್-ಮೆಕಾರ್ಮಿಕ್ ಪ್ಲೇಸ್ ನಿಲ್ದಾಣ 2015ರ ಫೆಬ್ರವರಿಯಲ್ಲಿ ತೆರೆಯಿತು, 5 ಕೋಟಿ. ಡೇಮನ್ ನಿಲ್ದಾಣ 2024ರ ಆಗಸ್ಟಿನಲ್ಲಿ, 8.02 ಕೋಟಿ. ಅದನ್ನು 2017ರಲ್ಲಿ ಘೋಷಿಸಿದಾಗ 5 ಕೋಟಿ ಎಂದಿದ್ದರು. ಹನ್ನೆರಡು ವರ್ಷಗಳಲ್ಲಿ ಒಂದೇ ಜಾತಿಯ ನಿಲ್ದಾಣದ ಬೆಲೆ ಎರಡು ಪಟ್ಟು ದಾಟಿತು. ತಡ ಮಾಡಿದ್ದಕ್ಕೆ ತೆತ್ತ ದರ ಇದೆಂದೇ ಇಟ್ಟುಕೊಳ್ಳಬಹುದು.

ಮಾರ್ಗನ್ ನಿಲ್ದಾಣದ ಸುತ್ತ ಆದದ್ದನ್ನು ಹತ್ತಿರದಿಂದ ಗಮನಿಸಬೇಕು. ಅದು ಫುಲ್ಟನ್ ಮಾರ್ಕೆಟ್, ಮಾಂಸದ ಸಗಟು ವ್ಯಾಪಾರದ ಮತ್ತು ಶೀತಲಗೃಹಗಳ ಪೇಟೆ. ದಶಕಗಳ ಕಾಲ ಹೆಪ್ಪುಗಟ್ಟಿಸಿಟ್ಟಿದ್ದ ಒಂದು ಹತ್ತಂತಸ್ತಿನ ಶೀತಲಗೃಹವನ್ನು ಕಚೇರಿಯಾಗಿ ಬದಲಿಸಲು ಮೊದಲು ಒಳಗಿನ ಗೋಡೆಗಂಟಿದ ಹಿಮ ಕರಗಿಸಬೇಕಾಯಿತು, ಅದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಅಲ್ಲಿಗೆ ಬಂದು ಕೂತದ್ದು ಗೂಗಲ್. 2018ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಕೇಂದ್ರ ಕಚೇರಿಯನ್ನು ಹೊರವಲಯದಿಂದ ಇಲ್ಲಿಗೆ ತಂದಿತು, ಓಪ್ರಾ ವಿನ್‌ಫ್ರೆ ಕಾರ್ಯಕ್ರಮದ ಸ್ಟುಡಿಯೊ ಇದ್ದ ಜಾಗಕ್ಕೆ. ಎರಡೂ ನಿಲ್ದಾಣದಿಂದ ಕಾಲ್ನಡಿಗೆ ದೂರ. ನಿಲ್ದಾಣ ಇಲ್ಲದಿದ್ದರೆ ಇವರು ಬರುತ್ತಿದ್ದರೇ? ರೆಸ್ಟೋರೆಂಟುಗಳು ಅಲ್ಲಿ ಮೊದಲೇ ಕಾಲಿಟ್ಟಿದ್ದವು ಎಂಬುದೂ ನಿಜ. ಆದರೂ 3.8 ಕೋಟಿ ಕೊಟ್ಟು ಕಟ್ಟಿದ ಮೆಟ್ಟಿಲು, ಪ್ಲಾಟ್‌ಫಾರಂ, ಲಿಫ್ಟ್ ಊರಿನ ಸ್ವತ್ತಾಗಿ ಉಳಿದಿವೆ. ಕಂಪನಿ ನಾಳೆ ಎದ್ದು ಹೋದರೂ ನಿಲ್ದಾಣ ಹೋಗುವುದಿಲ್ಲ. ಕಟ್ಟಡದ ಮಾಲೀಕನಿಗೇ ನೇರವಾಗಿ ಕೊಟ್ಟ ಸಹಾಯಧನದ ಬಗ್ಗೆ ಈ ಮಾತು ಹೇಳಲಾಗದು.

ದೊಡ್ಡ ಮೊತ್ತಗಳಿಗೆ ಬರೋಣ. 2019ರ ಏಪ್ರಿಲ್ 10ರಂದು, ಮೇಯರ್ ರಾಮ್ ಇಮ್ಯಾನುಯೆಲ್ ಅಧಿಕಾರ ಬಿಡಲು ವಾರಗಳಿರುವಾಗ, ನಗರಸಭೆ ಎರಡು ಯೋಜನೆಗಳಿಗೆ ಒಂದೇ ದಿನ 240 ಕೋಟಿ ಡಾಲರ್ ಟಿಫ್ ಮಂಜೂರು ಮಾಡಿತು. ನದಿಯ ಉತ್ತರ ಕವಲಿನ ದಂಡೆಯ ಲಿಂಕನ್ ಯಾರ್ಡ್ಸ್‌ಗೆ 130 ಕೋಟಿ, ಪೇಟೆಯ ದಕ್ಷಿಣದಲ್ಲಿ 62 ಎಕರೆ ಬಯಲಿನ 'ದಿ 78' ಯೋಜನೆಗೆ 110 ಕೋಟಿ. ನಗರದಲ್ಲಿ ಅಧಿಕೃತವಾಗಿ 77 ಬಡಾವಣೆ ಸಮುದಾಯಗಳಿವೆ, ಇದು 78ನೆಯದಾಗಲಿ ಎಂಬುದು ಆ ಹೆಸರಿನ ಆಸೆ. ಸೇತುವೆ, ರಸ್ತೆ, ನದಿ ದಂಡೆ, ರೈಲು ನಿಲ್ದಾಣ ಎಲ್ಲವನ್ನೂ ಡೆವಲಪರ್ ಮೊದಲು ತನ್ನ ಖರ್ಚಿನಲ್ಲಿ ಕಟ್ಟಬೇಕು, ಏರಿದ ತೆರಿಗೆ ಬಂದಂತೆ ನಗರ ಬಡ್ಡಿ ಸಮೇತ ತೀರಿಸುತ್ತದೆ ಎಂಬುದು ಕರಾರು. ಲಿಂಕನ್ ಯಾರ್ಡ್ಸ್ ಇದ್ದದ್ದು ಲಿಂಕನ್ ಪಾರ್ಕ್, ಬಕ್‌ಟೌನ್ ಎಂಬ ಶ್ರೀಮಂತ ಬಡಾವಣೆಗಳ ನಡುವೆ. ಅದನ್ನು ಹಾಳುಬಿದ್ದ ಪ್ರದೇಶ ಎಂದು ಕರೆದದ್ದಕ್ಕೆ ಕೋರ್ಟಿಗೂ ಹೋದರು, ಅರ್ಜಿ ನಿಲ್ಲಲಿಲ್ಲ.

ಆಮೇಲೆ ಕೋವಿಡ್ ಬಂತು, ಬಡ್ಡಿ ಏರಿತು, ಕಚೇರಿಗಳು ಖಾಲಿಯಾದವು. 600 ಕೋಟಿ ಡಾಲರಿನ ಲಿಂಕನ್ ಯಾರ್ಡ್ಸ್ ಹೆಚ್ಚುಕಡಿಮೆ ಖಾಲಿ ನೆಲವಾಗಿಯೇ ಉಳಿದು, 2025ರಲ್ಲಿ ಅದರ ಉತ್ತರ ಭಾಗ ಸಾಲ ಕೊಟ್ಟ ಬ್ಯಾಂಕಿನ ವಶವಾಯಿತು. ದಿ 78 ಬಯಲಿನಲ್ಲಿ ಶಿಕಾಗೊ ಫೈರ್ ಫುಟ್‌ಬಾಲ್ ತಂಡ 65 ಕೋಟಿ ಡಾಲರಿನ ಕ್ರೀಡಾಂಗಣವನ್ನು ಮಾಲೀಕರ ಸ್ವಂತ ಹಣದಿಂದ ಕಟ್ಟುವುದಾಗಿ ಅದೇ ವರ್ಷ ಪ್ರಕಟಿಸಿತು. ಇಲ್ಲಿ ನಗರ ಬಚಾವಾದದ್ದು ಕರಾರಿನ ಒಂದು ಸಾಲಿನಿಂದ: ಏರಿಕೆ ಬಂದರೆ ಮಾತ್ರ ಪಾವತಿ. ನಗರವೇ ಮುಂಚೆ ಬಾಂಡ್ ಎತ್ತಿದ್ದರೆ ಕಥೆ ಬೇರೆ ಇರುತ್ತಿತ್ತು.

ಬೇರೆ ಕಥೆ ಎಂದರೆ ಹೇಗೆ ಎನ್ನುವುದಕ್ಕೆ ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್ ಇದೆ. ಹೆಸರಿಗೆ ಟಿಫ್ ಅಲ್ಲದಿದ್ದರೂ ಯಂತ್ರ ಅದೇ. 7ನೇ ಸಂಖ್ಯೆಯ ಸಬ್‌ವೇ ಮಾರ್ಗವನ್ನು ಪಶ್ಚಿಮಕ್ಕೆ ಎಳೆಯಲು 2006ರಲ್ಲಿ 200 ಕೋಟಿ, 2011ರಲ್ಲಿ ಇನ್ನೂ 100 ಕೋಟಿ ಡಾಲರ್ ಬಾಂಡ್ ಎತ್ತಿದರು. ಮುಂದೆ ಏಳುವ ಗೋಪುರಗಳ ತೆರಿಗೆಯಿಂದಲೇ ಬಡ್ಡಿ ತೀರುತ್ತದೆಂಬ ಎಣಿಕೆ. ನಡುವೆ 2008ರ ಕುಸಿತ ಬಂತು, ಗೋಪುರಗಳು ತಡವಾದವು, ಮಾರ್ಗ 2015ರ ಸೆಪ್ಟೆಂಬರಿನಲ್ಲಿ ತೆರೆಯಿತು. ಅಷ್ಟರೊಳಗೆ ನಗರ ತನ್ನ ಸಾಮಾನ್ಯ ಖಜಾನೆಯಿಂದ 35 ಕೋಟಿಗೂ ಹೆಚ್ಚು ಬಡ್ಡಿ ತುಂಬಬೇಕಾಯಿತು. ಈಗ ಗೋಪುರಗಳೆದ್ದಿವೆ, ತೆರಿಗೆ ಬರುತ್ತಿದೆ. ಹತ್ತು ವರ್ಷ ಉಸಿರು ಹಿಡಿಯಲು ನ್ಯೂಯಾರ್ಕಿಗೆ ತ್ರಾಣವಿತ್ತು. ಸಣ್ಣ ಊರುಗಳಿಗೆ ಇರುವುದಿಲ್ಲ.

ತ್ರಾಣ ಮುಗಿದ ಕಥೆ ಕ್ಯಾಲಿಫೋರ್ನಿಯಾದ್ದು. ಟಿಫ್ ಹುಟ್ಟಿಸಿದ ರಾಜ್ಯವೇ ಅದರ ಹಳೆಯ ರೂಪವನ್ನು ಮುಚ್ಚಿತು. 1970ರ ದಶಕದ ಕೊನೆಗೆ ಅಲ್ಲಿನ ಒಟ್ಟು ಆಸ್ತಿ ತೆರಿಗೆಯಲ್ಲಿ ಶೇ 2ರಷ್ಟು ಟಿಫ್ ನಡೆಸುತ್ತಿದ್ದ ಪುನರಭಿವೃದ್ಧಿ ಸಂಸ್ಥೆಗಳ ಖಾತೆಗೆ ಹೋಗುತ್ತಿತ್ತು. ಮೂರು ದಶಕಗಳಲ್ಲಿ ಅದು ಶೇ 12ಕ್ಕೆ ಏರಿತು, ವರ್ಷಕ್ಕೆ ಸುಮಾರು 500 ಕೋಟಿ ಡಾಲರ್, ಸುಮಾರು 400 ಸಂಸ್ಥೆಗಳು. ಶಾಲೆಗಳು ಕಳೆದುಕೊಂಡ ಪಾಲನ್ನು ರಾಜ್ಯವೇ ತುಂಬಿಕೊಡಬೇಕಿತ್ತು. 2011ರ ಬಿಕ್ಕಟ್ಟಿನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಇನ್ನು ಸಾಧ್ಯವಿಲ್ಲ ಎಂದರು. ಆ ವರ್ಷದ ಡಿಸೆಂಬರ್ 29ರಂದು ರಾಜ್ಯದ ಸುಪ್ರೀಂ ಕೋರ್ಟ್ ಆ ಸಂಸ್ಥೆಗಳನ್ನು ಮುಚ್ಚುವ ಕಾನೂನನ್ನು ಎತ್ತಿ ಹಿಡಿಯಿತು, 2012ರ ಫೆಬ್ರವರಿ 1ಕ್ಕೆ ಸಂಸ್ಥೆಗಳೆಲ್ಲ ಬರಖಾಸ್ತಾದವು.

ಶಿಕಾಗೊ ಮುಚ್ಚಲಿಲ್ಲ, ಖಾತೆಯಲ್ಲಿ ಉಳಿದದ್ದನ್ನು ಹಿಂದಕ್ಕೆ ಸುರಿಯುವ ದಾರಿ ಹಿಡಿದಿದೆ. ಯಾವ ಕೆಲಸಕ್ಕೂ ಗೊತ್ತುಪಡಿಸದ ಟಿಫ್ ಹಣವನ್ನು 'ಸರ್‌ಪ್ಲಸ್' ಎಂದು ಘೋಷಿಸಿದರೆ ಅದು ಶಾಲೆ, ಕೌಂಟಿ, ನಗರಗಳಿಗೆ ತಂತಮ್ಮ ಪಾಲಿನಂತೆ ಮರಳುತ್ತದೆ. 2025ರ ಬಜೆಟ್‌ನಲ್ಲಿ ಮೇಯರ್ ಬ್ರ್ಯಾಂಡನ್ ಜಾನ್ಸನ್ ಘೋಷಿಸಿದ್ದು 57 ಕೋಟಿ ಡಾಲರ್, ಆವರೆಗಿನ ದಾಖಲೆ. 2026ಕ್ಕೆ ಅವರು ಮುಂದಿಟ್ಟದ್ದು 100 ಕೋಟಿ, ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೆ. ಶಾಲೆಯ ಪಾಲನ್ನು ವರ್ಷಗಟ್ಟಲೆ ಬೇರೆ ಖಾತೆಯಲ್ಲಿಟ್ಟು, ಬಜೆಟ್ ತೂತಾದ ವರ್ಷ ಅದನ್ನೇ ನೆರವು ಎಂಬಂತೆ ಕೊಡುವುದು ವಿಚಿತ್ರವಾಗಿ ಕಾಣುತ್ತದೆ. ರಸ್ತೆಗೆಂದು ಗೆರೆ ಎಳೆದ ವಲಯ ಮಾಸ್ತರರ ಸಂಬಳಕ್ಕೆ ಆಸರೆಯಾಗುತ್ತಿದೆ. ಇದೇ ಜಾನ್ಸನ್ ಅವರ ಪ್ರಸ್ತಾವನೆಯ ಮೇಲೆ 2024ರ ಏಪ್ರಿಲ್‌ನಲ್ಲಿ ನಗರಸಭೆ 125 ಕೋಟಿಯ ಮಾಮೂಲಿ ಬಾಂಡಿಗೆ ಒಪ್ಪಿತು. ಅರ್ಧ ವಸತಿಗೆ, ಅರ್ಧ ವ್ಯಾಪಾರ ಉದ್ಯೋಗಕ್ಕೆ. ಹಳೆಯ ಟಿಫ್ ವಲಯಗಳನ್ನು ಮುಂದುವರಿಸದೆ ಅವಧಿಗೆ ಸರಿಯಾಗಿ ಮುಗಿಯಲು ಬಿಟ್ಟು, ಸಾಮಾನ್ಯ ಖಜಾನೆಗೆ ಮರಳುವ ತೆರಿಗೆಯಿಂದ ಅದನ್ನು ತೀರಿಸುವ ಯೋಚನೆ. ಹಣ ನಗರದ ಯಾವ ಮೂಲೆಗೂ ಹೋಗಬಹುದು. ಗೆರೆಯ ಹಂಗಿಲ್ಲ.

ಶಿಕಾಗೊ ಹೊರವಲಯದ ನೇಪರ್‌ವಿಲ್, ಶಾಂಬರ್ಗ್ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಇಲಿನಾಯ್ ಆಸ್ತಿ ತೆರಿಗೆಯ ಬಿಸಿ ಗೊತ್ತೇ ಇದೆ. ಬೆಂಗಳೂರಿನಲ್ಲಿರುವವರಿಗೆ ಟಿಫ್ ಎಂಬ ಮಾತು ತಲುಪಿದ್ದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮೂಲಕ. ಭೂಮಿಯ ಮೌಲ್ಯ ಏರಿಕೆಯಲ್ಲಿ ಸರ್ಕಾರ ಪಾಲು ಪಡೆಯುವ ಬಗೆಗಳನ್ನು 2017ರಲ್ಲಿ ಅದು ಪಟ್ಟಿ ಮಾಡಿದಾಗ ಟಿಫ್ ಕೂಡ ಅದರಲ್ಲಿತ್ತು. ನಮ್ಮಲ್ಲಿ ಮೆಟ್ರೊಗೆಂದು ಹೊಸ ಕಟ್ಟಡ, ಬಡಾವಣೆಗಳ ಮೇಲೆ ಸೆಸ್ ಹಾಕುವ ಅವಕಾಶ ನಗರ ಯೋಜನಾ ಕಾಯ್ದೆಯಲ್ಲೇ ಇದೆ. ಆದರೆ ಟಿಫ್‌ಗೆ ಬೇಕಾದ ಬೇರು ಇಲ್ಲಿ ಸಡಿಲ. 2008ರಿಂದ ಬೆಂಗಳೂರಿನ ಆಸ್ತಿ ತೆರಿಗೆ ಚದರ ಅಡಿಗೆ ಇಂತಿಷ್ಟು ಎಂಬ ಲೆಕ್ಕದಲ್ಲಿದೆ, 2016ರಲ್ಲಿ ಆ ದರ ಪರಿಷ್ಕರಣೆಯಾಯಿತು. ನಿಲ್ದಾಣ ಬಂದು ಪಕ್ಕದ ಅಂಗಡಿಯ ಬಾಡಿಗೆ ಇಮ್ಮಡಿಯಾದರೂ ಮುಂದಿನ ಪರಿಷ್ಕರಣೆಯವರೆಗೆ ಚದರ ಅಡಿಯ ದರ ಕದಲುವುದಿಲ್ಲ. ಮೌಲ್ಯದ ಏರಿಕೆ ತೆರಿಗೆಯ ಲೆಕ್ಕಕ್ಕೆ ಬಾರದ ಕಡೆ ಆ ಏರಿಕೆಯನ್ನು ಅಡವಿಟ್ಟು ಸಾಲ ತರುವುದು ಹೇಗೆ?

ಶಿಕಾಗೊ ಇಷ್ಟು ವರ್ಷಗಳಲ್ಲಿ ಕಲಿತದ್ದಕ್ಕೆ ಒಂದು ಪುರಾವೆ ಕೊಡು ಎಂದರೆ ನಾನು 2016ರ ಟ್ರಾನ್ಸಿಟ್ ಟಿಫ್ ಕಾನೂನನ್ನು ತೋರಿಸುತ್ತೇನೆ. ಹಳಿಯ ಎರಡೂ ಬದಿಗೆ ಅರ್ಧ ಮೈಲಿಯ ಪಟ್ಟಿ, ಅವಧಿ 35 ವರ್ಷ, ಹಣ ಹೆಸರಿಸಿದ ಒಂದೇ ಕೆಲಸಕ್ಕೆ. ಏರಿದ ತೆರಿಗೆಯಲ್ಲಿ ಶಾಲೆಯ ಪಾಲು ಪೂರ್ತಿಯಾಗಿ ಮೊದಲು ಶಾಲೆಗೆ. ಉಳಿದದ್ದರಲ್ಲಿ ಶೇ 80 ರೈಲಿಗೆ, ಶೇ 20 ಮಿಕ್ಕ ಸಂಸ್ಥೆಗಳಿಗೆ. ಶಾಲೆಯ ಪಾಲು 52 ಎಂದು ಹಿಡಿದರೆ, 100 ಡಾಲರ್ ಏರಿಕೆಯಲ್ಲಿ ರೈಲಿಗೆ ಸಿಗುವುದು 38.40. ಮೊದಲ ಪ್ರಯೋಗ ಉತ್ತರದ ರೆಡ್ ಮತ್ತು ಪರ್ಪಲ್ ಮಾರ್ಗದಲ್ಲಿ ನಡೆಯಿತು. ನೂರು ವರ್ಷ ಹಳೆಯ ಹಳಿ, ಕಂಬ, ನಿಲ್ದಾಣಗಳ ಮರುನಿರ್ಮಾಣಕ್ಕೆ 210 ಕೋಟಿ ಡಾಲರ್. ಅದರಲ್ಲಿ ಸುಮಾರು 107 ಕೋಟಿ ಒಕ್ಕೂಟ ಸರ್ಕಾರದ್ದು, 62.2 ಕೋಟಿ ಟಿಫ್ ಆಧಾರದ ಸಾಲ. 2021ರಲ್ಲಿ ಬೆಲ್ಮಾಂಟ್ ಬಳಿ ಹಳಿಗಳ ಮೇಲ್ಸೇತುವೆ ಸಿದ್ಧವಾಯಿತು. 2025ರ ಜುಲೈನಲ್ಲಿ ಲಾರೆನ್ಸ್, ಆರ್ಗೈಲ್, ಬರ್ವಿನ್, ಬ್ರಿನ್ ಮಾರ್ ಎಂಬ ನಾಲ್ಕು ನಿಲ್ದಾಣಗಳು ಹೊಸದಾಗಿ ತೆರೆದವು.

ಎರಡನೆಯದು ರೆಡ್ ಲೈನ್ ವಿಸ್ತರಣೆ. ನಗರದ ದಕ್ಷಿಣ ತುದಿಯ 130ನೇ ಬೀದಿಯವರೆಗೆ ಸುಮಾರು 5.5 ಮೈಲಿ, ನಾಲ್ಕು ನಿಲ್ದಾಣ, 575 ಕೋಟಿ ಡಾಲರ್. ಮೈಲಿಗೆ 100 ಕೋಟಿಗೂ ಮೇಲೆ. 2022ರ ಡಿಸೆಂಬರ್‌ನಲ್ಲಿ ಇದಕ್ಕಾಗಿ 95 ಕೋಟಿಯ ಟ್ರಾನ್ಸಿಟ್ ಟಿಫ್‌ಗೆ ಒಪ್ಪಿಗೆ ಸಿಕ್ಕಿತು, ಒಟ್ಟು ವೆಚ್ಚದ ಆರನೇ ಒಂದು ಪಾಲು. ತಮಾಷೆಯೆಂದರೆ ಹೊಸ ಮಾರ್ಗ ಹೋಗುವ ಬಡ ಬಡಾವಣೆಗಳು ಆ ಟಿಫ್ ವಲಯದೊಳಗೆ ಇಲ್ಲವೇ ಇಲ್ಲ. ಗೆರೆ ಎಳೆದದ್ದು ಪೇಟೆಯ ಮ್ಯಾಡಿಸನ್ ಸ್ಟ್ರೀಟಿನಿಂದ ಪರ್ಶಿಂಗ್ ರಸ್ತೆಯವರೆಗೆ, ಮೌಲ್ಯ ಏರುವ ಕಡೆ. ತಮ್ಮ ಏರಿಕೆ ಮೈಲಿಗಟ್ಟಲೆ ದೂರಕ್ಕೆ ಹೋಗುವುದೇಕೆ ಎಂದು ಆ ಭಾಗದಲ್ಲಿ ಆಕ್ಷೇಪವೂ ಎದ್ದಿತು. ನಲವತ್ತು ವರ್ಷ ಪೇಟೆಯ ಹಣ ಪೇಟೆಗೇ ಎಂದು ನಡೆದ ಪದ್ಧತಿ ಮೊದಲ ಸಲ ಪೇಟೆಯಿಂದ ಹೊರಕ್ಕೆ ಹರಿಯಿತು ಎಂಬುದೇ ನನಗೆ ಇದರಲ್ಲಿ ಮೆಚ್ಚುಗೆಯಾದದ್ದು. 2025ರ ಜನವರಿಯಲ್ಲಿ ಒಕ್ಕೂಟ ಸರ್ಕಾರ ತನ್ನ ಪಾಲಿನ 190 ಕೋಟಿಗೆ ಸಹಿ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಆಡಳಿತ ಶಿಕಾಗೊದ ಎರಡೂ ರೈಲು ಕಾಮಗಾರಿಗಳಿಗೆ ಸೇರಿದ 210 ಕೋಟಿಯನ್ನು ತಡೆಹಿಡಿಯುವುದಾಗಿ ಸಾರಿತು. ವಾಷಿಂಗ್ಟನ್ನಿನ ಕೈ ತಾಗದ ಹಣವೆಂದರೆ ಟಿಫ್‌ನ ಆ 95 ಕೋಟಿ. ಅದೂ ಮ್ಯಾಡಿಸನ್‌ನಿಂದ ಪರ್ಶಿಂಗ್‌ವರೆಗಿನ ಕಟ್ಟಡಗಳ ಮೌಲ್ಯ ಮುಂದಿನ ಮೂರು ದಶಕ ಏರುತ್ತಲೇ ಇದ್ದರೆ ಮಾತ್ರ.